ಲಾಭದಿಂದ ಶುರುವಾಗುವ ಎಣಿಕೆ

ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಎಣಿಸುವವರು ಬೇಕಾದಷ್ಟು ಜನ ಇದ್ದರು. ಆದರೆ ಪಿಳ್ಳಣ್ಣ ಎಣಿಸುತ್ತಿದ್ದಾನೆಂದರೆ ಮೂಟೆ ಹೊರುವವರ ಹೆಜ್ಜೆಯೇ ಬೇರೆಯಾಗುತ್ತಿತ್ತು. ಲಾರಿಯ ಹಿಂಬದಿಗೆ ಹಲಗೆ ಒರಗಿಸಿ, ಅದರ ಪಕ್ಕದಲ್ಲಿ, ಹೆಗಲಿಗೊಂದು ಟವೆಲ್ ಹಾಕಿಕೊಂಡು ಅವನು ನಿಲ್ಲುತ್ತಿದ್ದ. ಬೆನ್ನ ಮೇಲೆ ತೊಗರಿಬೇಳೆಯ ಮೂಟೆ ಹೊತ್ತವನು ಎದುರಿಗೆ ಬಂದ ಕೂಡಲೇ ಅಂಗೈಯಿಂದ ಮೂಟೆಗೊಂದು ಪೆಟ್ಟು. ಪೆಟ್ಟಿನ ಬೆನ್ನಿಗೇ ಅಂಕಿ. ಅಂಕಿಯ ಕೊನೆಯನ್ನು ಸ್ವಲ್ಪ ಎಳೆದು ಗಾಳಿಗೆ ಬಿಡುತ್ತಿದ್ದ. ಆ ಎಳೆತ ಮುಗಿಯುವುದರೊಳಗೆ ಮುಂದಿನವನು ಹಲಗೆಗೆ ಕಾಲಿಟ್ಟಿರಬೇಕು. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲೂ ಆ ದನಿಯ ಹಿಂದೆ ನಡೆದರೆ ಭಾರ ಅರ್ಧ ಇಳಿದಂತೆ ಆಗುತ್ತದೆ ಎಂದು ಹಮಾಲಿಗಳು ಹೇಳುತ್ತಿದ್ದರು.

ಮೊದಲ ಮೂಟೆಗೆ ಅವನು ಒಂದು ಎನ್ನುತ್ತಿರಲಿಲ್ಲ. ಲಾಭ ಎನ್ನುತ್ತಿದ್ದ. ಹಳೆಯ ಮಂಡಿಗಳ ರೂಢಿ ಅದು, ಕಣದಲ್ಲಿ ರಾಗಿ ಅಳೆಯುವವರದೂ ಅದೇ ರೂಢಿ. ಎಣಿಕೆ ಒಳ್ಳೆಯ ಮಾತಿನಿಂದ ಹೊರಡಲಿ ಎಂದು. ಲಾಭ, ಎರಡು, ಮೂರು, ನಾಲ್ಕು. ರಾಶಿ ಮುಗಿದಾಗ ಟವೆಲ್ ಕೊಡವಿ ‘ಖಾಲಿ’ ಎಂದು ಕೂಗುತ್ತಿದ್ದ. ಆಗ ಎಲ್ಲರೂ ನಿಂತಲ್ಲೇ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

ಗಂಗರತ್ನಮ್ಮ ಅದೇ ಸಾಲಿನ ಇನ್ನೊಂದು ಮಂಡಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಘಾಟಿಗೆ ಕಣ್ಣು ಪೂರ್ತಿ ತೆರೆಯಲಾಗದೆ ಕೂತವಳಿಗೆ ಪಿಳ್ಳಣ್ಣನ ಮುಖಕ್ಕಿಂತ ಮೊದಲು ಅವನ ದನಿಯ ಪರಿಚಯವಾಯಿತು. ಆಮೇಲೆ ಮಗಳ ಮುಂದೆ ಅವಳು ಗಂಡನನ್ನು ಹೀಗೆ ಕಾಡಿಸುತ್ತಿದ್ದಳು: “ಈವಪ್ಪ ನಂಗೆ ಸಿಕ್ಕಿದ್ದು ಕಿವಿಯಿಂದ ಕಣೇ. ಮೊದ್ಲು ಮುಖ ನೋಡಿದ್ರೆ ಒಪ್ತಾನೇ ಇರ್ಲಿಲ್ಲ.”

“ನಾನೂ ಅಷ್ಟೇ ಕಣಮ್ಮ,” ಎನ್ನುತ್ತಿದ್ದ ಪಿಳ್ಳಣ್ಣ. “ಮೊದ್ಲು ನಿಮ್ಮಮ್ಮನ ಮಾತು ಕೇಳಿದ್ರೆ ಒಪ್ತಿರ್ಲಿಲ್ಲ.”

ಕಳೆದ ವರ್ಷ ಸಂಕ್ರಾಂತಿ ಆದ ಮೇಲೆ ಒಂದು ಬೆಳಗ್ಗೆ, ಲಾರಿ ಅರ್ಧ ತುಂಬಿದ್ದಾಗ, ಎಣಿಕೆ ನಿಂತುಹೋಯಿತು. ಮೂಟೆ ಹೊತ್ತವನು ಹಲಗೆಯ ಹತ್ತಿರ ಬಂದು ಪೆಟ್ಟಿಗಾಗಿ ಕಾದ. ಬೀಳಲಿಲ್ಲ. ತಿರುಗಿ ನೋಡಿದರೆ ಪಿಳ್ಳಣ್ಣ ಮೂಟೆಗಳಿಗೆ ಒರಗಿಕೊಂಡು ಕೆಳಗೆ ಜಾರುತ್ತಿದ್ದ.

ಆಸ್ಪತ್ರೆಯವರು ಜೀವ ಉಳಿಸಿದರು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಬಂತು. ಬಲಗೈ ಬರಲಿಲ್ಲ. ಮಾತು ಹೋಯಿತು. ಯಾರು ಏನು ಹೇಳಿದರೂ ಅವನಿಗೆ ತಿಳಿಯುತ್ತಿತ್ತು, ನಗುವಲ್ಲಿ ನಗುತ್ತಿದ್ದ, ಟಿವಿಯಲ್ಲಿ ಸುದ್ದಿ ನೋಡಿ ತಲೆಯಾಡಿಸುತ್ತಿದ್ದ. ತಾನು ಹೇಳಬೇಕಾದದ್ದು ಮಾತ್ರ ಗಂಟಲವರೆಗೆ ಬಂದು ಒಂದು ‘ಅ’ ಆಗಿ ಉಳಿಯುತ್ತಿತ್ತು. ಹೆಂಡತಿಯ ಹೆಸರೂ ‘ಅ’, ನೀರೂ ‘ಅ’.

ಮಾತು ಕಲಿಸುವ ಥೆರಪಿಸ್ಟ್ ನೂರೀನ್ ಎಂಬ ಹುಡುಗಿ. ತುಂಬ ಸಮಾಧಾನದವಳು. ಮೊದಲ ದಿನವೇ ಪಿಳ್ಳಣ್ಣನ ಎದುರು ಕೂತು, ಅವನ ಕಣ್ಣಿಗೆ ಕಾಣುವಂತೆ ತುಟಿ ದುಂಡಗೆ ಮಾಡಿ, “ಎಣಿಸೋಣ ತಾತ. ಒಂದು, ಎರಡು... ಹೇಳಿ. ಒಂ...” ಎಂದಳು. ಪಿಳ್ಳಣ್ಣ ಅವಳ ತುಟಿಯನ್ನೇ ನೋಡಿದ. ಬಾಯಿ ತೆರೆದ. ಏನೂ ಹೊರಡಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಕೊನೆಗೆ ಅವನ ಕಣ್ಣು ತುಂಬಿದ್ದು ನೋಡಿ ಅವಳೇ ನಿಲ್ಲಿಸಿದಳು.

ಹೊರಗೆ ಬಂದು ನೂರೀನ್ ಪಿಳ್ಳಣ್ಣನ ಮಗಳು ತೇಜಸ್ವಿನಿಗೆ ಹೇಳಿದಳು: “ಮಾತು ಹೋದವ್ರಿಗೂ ಎಷ್ಟೋ ಸಲ ಎಣಿಕೆ ಉಳಿದಿರುತ್ತೆ ಮೇಡಂ. ವಾರದ ಹೆಸರು, ದೇವರ ಸ್ತೋತ್ರ, ಅಂಥದ್ದು. ಅದನ್ನ ಹಿಡ್ಕೊಂಡೇ ನಾವು ಮೇಲೆ ಹತ್ತೋದು. ಇವ್ರಿಗೆ ಅದೂ ಸಿಕ್ತಿಲ್ಲ.”

ತೇಜಸ್ವಿನಿ ಮತ್ತಿಕೆರೆಯ ಒಂದು ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಚಿಕ್ಕ ಮಕ್ಕಳ ಬಾಯಿಂದ ದಿನವೂ ಒಂದು ಎರಡು ಹೇಳಿಸುವವಳಿಗೆ ಅಪ್ಪನ ಬಾಯಿಂದ ಒಂದು ಹೊರಡದೇ ಇದ್ದದ್ದು ದೊಡ್ಡ ಸಂಕಟವಾಯಿತು.

ನೂರೀನ್ ಒಂದು ಪೆನ್‌ಡ್ರೈವ್ ಕೊಟ್ಟಳು. ಅದರಲ್ಲಿ ಚಿತ್ರಗಳ ಪುಟಗಳಿದ್ದವು: ಲೋಟ, ಮಂಚ, ಔಷಧಿ, ಬಾಗಿಲು. ಚಿತ್ರವನ್ನು ಮೌಸ್‌ನಿಂದ ಒತ್ತಿದರೆ ಕಂಪ್ಯೂಟರ್ ಅದರ ಹೆಸರು ಹೇಳುತ್ತಿತ್ತು. ಎಷ್ಟೋ ವರ್ಷದ ಹಿಂದೆ ಅವಳ ಗುರುಗಳು ಹಳೆಯ ಆಫೀಸ್ ತಂತ್ರಾಂಶದಲ್ಲಿ ಮಾಡಿಟ್ಟದ್ದು. ಹೊಸದರಲ್ಲಿ ತೆರೆದರೆ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ತೇಜಸ್ವಿನಿ ಡಿಗ್ರಿ ಓದುವಾಗ ಅಪ್ಪ ಕೊಡಿಸಿದ್ದ ಕಂಪ್ಯೂಟರಿನಲ್ಲಿ ಆ ಹಳೆಯ ತಂತ್ರಾಂಶವೇ ಇತ್ತು. ಯಾರಿಗೂ ಬೇಡವಾದ ಆ ಡಬ್ಬ ಇದ್ದಕ್ಕಿದ್ದಂತೆ ಮನೆಯ ಅತಿ ಮುಖ್ಯ ವಸ್ತುವಾಯಿತು.

ತೇಜಸ್ವಿನಿ ಪ್ರತಿ ಚಿತ್ರಕ್ಕೂ ತನ್ನ ದನಿ ಕೂರಿಸಿದಳು. ಪಿಳ್ಳಣ್ಣ ಎಡಗೈಯಲ್ಲಿ ಮೌಸ್ ಹಿಡಿಯುವುದನ್ನು ಕಲಿತ. ಲೋಟದ ಚಿತ್ರ ಒತ್ತಿದರೆ ಸ್ಪೀಕರಿನಿಂದ ಮಗಳ ದನಿ “ಕಾಫಿ” ಎನ್ನುತ್ತಿತ್ತು. ಗಂಗರತ್ನಮ್ಮ ಅಡುಗೆಮನೆಯಿಂದ ಸ್ಪೀಕರಿಗೇ ಉತ್ತರ ಕೊಡುತ್ತಿದ್ದಳು: “ತತ್ತೀನಿ ಇರು, ಕುದೀಬೇಡ್ವಾ?” ಒತ್ತಿ, ಕೇಳಿ, ಅದರ ಹಿಂದೆ ತಾನೂ ಹೇಳಲು ಪಿಳ್ಳಣ್ಣ ಪ್ರಯತ್ನಿಸುತ್ತಿದ್ದ. ತಿಂಗಳುಗಳು ಹೋದವು. ‘ಅ’ ಬಿಟ್ಟರೆ ಬೇರೆ ಏನೂ ಬರಲಿಲ್ಲ.

“ಇನ್ಮೇಲೆ ಅವ್ರದೇ ಲೋಕದ ಪುಟಗಳನ್ನ ಸೇರ್ಸಿ ಮೇಡಂ,” ಎಂದಳು ನೂರೀನ್. “ಯಾರ್ಡು, ಲಾರಿ, ಜೊತೆಗಾರರು. ಬಾಯಿ ಎಲ್ಲಿಂದ ತೆರ್ಕೊಳುತ್ತೋ ಯಾರಿಗೂ ಗೊತ್ತಾಗಲ್ಲ. ಆದ್ರೆ ನಿಲ್ಲಿಸ್ಬೇಡಿ. ನಿಲ್ಲಿಸಿದ್ರೆ ಅವ್ರೇ ಕೈ ಬಿಟ್ಬಿಡ್ತಾರೆ.”

ಅದೇ ವಾರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು.

ಆರ್.ಟಿ. ನಗರದಿಂದ ಕಂಪ್ಯೂಟರ್ ರಿಪೇರಿಯ ವಾಜಿದ್ ಬಂದು ಹೊಸ ಡಿಸ್ಕ್ ಹಾಕಿದ. ಪುಟಗಳು ಪೆನ್‌ಡ್ರೈವ್‌ನಲ್ಲಿ ಸುರಕ್ಷಿತವಾಗಿದ್ದವು. ಬೀರುವಿನ ಮೇಲಿಂದ ತೇಜಸ್ವಿನಿ ತಂತ್ರಾಂಶದ ಹಳೆಯ ಡಬ್ಬಿ ಇಳಿಸಿ, ಧೂಳು ಒರೆಸಿ ಕೊಟ್ಟಳು. ಸಿ.ಡಿ. ಓಡಿತು, ಡಬ್ಬಿಯ ಮೇಲೆ ಅಚ್ಚಾಗಿದ್ದ ಕೀ ಸಂಖ್ಯೆ ಕೂಡ ಹಿಡಿಯಿತು. ಆಮೇಲೆ ಪರದೆಯ ಮೇಲೆ ಕೆಂಪು ಪಟ್ಟಿ ಬಂತು: ಸಕ್ರಿಯಗೊಳಿಸಿ. ಇನ್ನು ಕೆಲವು ಸಲವಷ್ಟೇ ಪೂರ್ತಿ ತೆರೆಯುತ್ತದೆ, ಆಮೇಲೆ ಇದ್ದದ್ದನ್ನು ನೋಡಬಹುದು, ಹೊಸದೇನನ್ನೂ ಸೇರಿಸಲಾಗದು. ವಾಜಿದ್ ತನ್ನ ಫೋನನ್ನು ಹೊಸ್ತಿಲಾಚೆ ಇಟ್ಟು ಅದರ ಇಂಟರ್‌ನೆಟ್ ಕೊಟ್ಟು ಮತ್ತೆ ಮತ್ತೆ ಒತ್ತಿದ. ಆ ಕಡೆಯಿಂದ ಉತ್ತರವಿಲ್ಲ.

“ಅಕ್ಕಾ, ಇದಕ್ಕೆ ಕಂಪ್ನಿಯವ್ರೇ ಕೈ ತೊಳ್ಕೊಂಡಿದಾರೆ. ಸಪೋರ್ಟ್ ಮುಗಿದು ಎಷ್ಟ್ ಕಾಲ ಆಯ್ತೋ. ಹೊಸದು ತಗೊಳಿ, ಇಲ್ಲಾ ಕ್ರ್ಯಾಕ್ ಹಾಕ್ಕೊಡ್ತೀನಿ.”

“ಹೊಸದ್ರಲ್ಲಿ ದನಿ ಬರಲ್ಲ ವಾಜಿದ್. ಡಬ್ಬಿ ಇದೆ, ಕೀ ಇದೆ, ನಮ್ಮಪ್ಪ ಕೊಡ್ಸಿದ್ದು. ನಮ್ದೇ ಮನೆಗೆ ನಾವ್ಯಾಕೆ ಕಳ್ಳರ ಥರ ಹೋಗ್ಬೇಕು?”

ವಾಜಿದ್ ನಕ್ಕ. ಪರದೆಯ ಕೆಳಗೆ ಸಣ್ಣಕ್ಷರದಲ್ಲಿದ್ದ ಇನ್ನೊಂದು ದಾರಿ ತೋರಿಸಿದ. “ಇಲ್ಲಿ ಫೋನ್ ನಂಬರ್ ಇದೆ ನೋಡಿ. ಈ ಉದ್ದ ಸಂಖ್ಯೆನ ಅವ್ರಿಗೆ ಓದ್ಬೇಕು, ಅವ್ರು ಇನ್ನೊಂದು ಉದ್ದ ಸಂಖ್ಯೆ ಕೊಡ್ತಾರೆ. ಈಗ್ಲೂ ಯಾರಾದ್ರೂ ಎತ್ತುತಾರಾ, ನಂಗ್ ಗ್ಯಾರಂಟಿ ಇಲ್ಲ.”

ಆ ಶನಿವಾರ ಮಧ್ಯಾಹ್ನ ಗಂಗರತ್ನಮ್ಮ ಯಾರ್ಡಿನ ಕೆಲಸಕ್ಕೆ ಹೋಗಿದ್ದಳು. ಸುಬೇದಾರ್ ಪಾಳ್ಯದ ಆ ಮನೆ ಮೂರು ಕಡೆ ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡಿದೆ. ಒಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಮಾತಾಡಬೇಕೆಂದರೆ ಹೊಸ್ತಿಲು ದಾಟಿ ಗಲ್ಲಿಗೆ ಬರಬೇಕು. ತೇಜಸ್ವಿನಿ ಪರದೆಯ ಫೋಟೊ ತೆಗೆದಳು; ಹಳೆಯ ಮಾನಿಟರಿನ ಗೆರೆಗಳು ಬಿದ್ದು ಅಂಕಿಗಳು ಕಲಸಿಹೋಗಿದ್ದವು. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡಳು. ಅಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, “ಈ ಪುಟ ಹೋಗದ ಹಾಗೆ ನೋಡ್ಕೋ ಅಪ್ಪ, ಮುಚ್ಚಿದ್ರೆ ಮತ್ತೆ ಮೊದ್ಲಿಂದ ಮಾಡ್ಬೇಕು,” ಎಂದಳು. ಪಿಳ್ಳಣ್ಣ ಗಂಭೀರವಾಗಿ ತಲೆಯಾಡಿಸಿದ.

ಮೊದಲ ಸಲ ಯಂತ್ರದ ದನಿ ಎಲ್ಲ ಅಂಕಿ ಕೇಳಿಸಿಕೊಂಡು, ಸರಿಯಿಲ್ಲ ಎಂದಿತು. ಎರಡನೇ ಸಲ ‘ನಮ್ಮ ಪ್ರತಿನಿಧಿ ಮಾತಾಡುತ್ತಾರೆ’ ಎಂದು ಸಂಗೀತ ಹಾಕಿತು. ಕಾದು ಕಾದು, ಮನುಷ್ಯರ ದನಿ ಬಂದಾಗ ತೇಜಸ್ವಿನಿ ಸಂತೋಷಕ್ಕೆ ಒಳಗೆ ಓಡಿದಳು, ಕಾಲ್ ಕಟ್ ಆಯಿತು. ಮೂರನೇ ಸಲ ಹೊಸ್ತಿಲ ಆಚೆಯೇ ಗೋಡೆಗೆ ಅಂಟಿಕೊಂಡು ನಿಂತಳು.

ಎದುರುಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ರೆಹಾನಾ ಬಗ್ಗಿ ನೋಡಿದಳು. “ಏನ್ ತೇಜು, ಆವಾಗಿಂದ ನಂಬರ್ ಓದ್ತಾನೇ ಇದೀಯ. ಲಾಟ್ರಿನಾ? ಹೊಡೆದ್ರೆ ನಮ್ಗೂ ಒಂದ್ ಪಾಲಿಡು.”

“ಹೊಡೆದ್ರೆ ಪೂರ್ತಿ ನಿಮ್ಗೇ ಆಂಟಿ. ಒಂದ್ನಿಮಿಷ ಸುಮ್ನಿರಿ.”

ಈ ಸಲ ಎತ್ತಿದವಳು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಈ ಆವೃತ್ತಿಗೆ ಬೆಂಬಲ ಮುಗಿದಿದೆ, ಮುಂದೆ ಏನು ಕೆಟ್ಟರೂ ನಮ್ಮ ಜವಾಬ್ದಾರಿಯಲ್ಲ, ಆದರೆ ನಿಮ್ಮ ಕೀ ಸರಿಯಿದೆ, ಸಕ್ರಿಯಗೊಳಿಸಿ ಕೊಡುತ್ತೇನೆ ಎಂದಳು. ತೇಜಸ್ವಿನಿ ಹಾಳೆ ಹಿಡಿದು ಒಂದೊಂದೇ ಗುಂಪು ಓದಿದಳು. ಎಲ್ಲ ಮುಗಿದ ಮೇಲೆ ಆ ಹುಡುಗಿ ಹೇಳಿದಳು: ಮೂರನೇ ಗುಂಪು ಹೊಂದುತ್ತಿಲ್ಲ. ಪರದೆ ನೋಡಿ ಇನ್ನೊಂದು ಸಲ ಹೇಳಿ.

ತೇಜಸ್ವಿನಿ ಹಾಳೆ ನೋಡಿದಳು. ಅವಸರದಲ್ಲಿ ಬರೆದ ಮೊದಲ ಅಂಕಿ ಒಂದೋ ಏಳೋ ಅವಳಿಗೇ ತಿಳಿಯಲಿಲ್ಲ. ಏಳು ಎಂದು ಓದಿದ್ದಳು. ಒಳಗೆ ಹೋದರೆ ಕಾಲ್ ಕಟ್ ಆಗುತ್ತದೆ. ಮಹಡಿಯತ್ತ ನೋಡಿದಳು, ರೆಹಾನಾ ಬಕೆಟ್ ತೆಗೆದುಕೊಂಡು ಒಳಗೆ ಹೋಗಿದ್ದಳು. ಬಾಗಿಲ ಪರದೆಯ ಆಚೆ, ಒಳಕೋಣೆಯಲ್ಲಿ, ಅಪ್ಪ ಮಾತ್ರ ಇದ್ದ.

“ಅಪ್ಪಾ,” ಕೂಗಿದಳು. “ಮೂರನೇ ಗುಂಪಲ್ಲಿ ಮೊದ್ಲನೇ ಅಂಕಿ ನೋಡಪ್ಪ. ಒಂದಾಗಿದ್ರೆ ಮೇಜು ತಟ್ಟು. ಏಳಾಗಿದ್ರೆ ಸುಮ್ನಿರು.”

ಫೋನಿನ ದನಿ ಕನ್ನಡಕ್ಕೆ ತಿರುಗಿತು. “ಕನ್ನಡದವ್ರಾ ಮೇಡಂ? ಮೊದ್ಲೇ ಹೇಳ್ಬಾರ್ದಾ. ಪರ್ವಾಗಿಲ್ಲ, ನಿಧಾನ ನೋಡಿ ಹೇಳಿ.”

ಸ್ಟೇಷನ್ನಿನ ಕಡೆಯಿಂದ ಒಂದು ರೈಲು ಕೂಗಿ ಹೋಯಿತು. ಆಮೇಲೆ ಮರದ ಮೇಜಿನ ಮೇಲೆ ಅಂಗೈ ಬಿದ್ದ ಸದ್ದು. ಬೆರಳಲ್ಲಿ ಕುಟ್ಟಿದ್ದಲ್ಲ, ಪೂರ್ತಿ ಅಂಗೈಯ ಪೆಟ್ಟು, ಮೂಟೆಗೆ ಬೀಳುವಂಥದ್ದು. ಅದರ ಬೆನ್ನಿಗೇ ಒಂದು ದನಿ.

“ಲಾಭ.”

ಬಹಳ ದಿನ ಮುಚ್ಚಿದ್ದ ಬಾಗಿಲಿನ ಹಾಗೆ ಒರಟಾಗಿತ್ತು. ಆದರೆ ಕೊನೆಯಲ್ಲಿ ಅದೇ ಎಳೆತ. ತೇಜಸ್ವಿನಿ ಒಳಗೆ ಕಿವಿಗೊಟ್ಟಳು. ಟಿವಿ ಇರಬೇಕು ಎಂದುಕೊಂಡಳು. ಟಿವಿ ಹಾಕಿರಲಿಲ್ಲ.

ಇನ್ನೊಂದು ಪೆಟ್ಟು. “ಲಾಭ.” ಪೆಟ್ಟು. “ಎರಡು.” ಪೆಟ್ಟು. “ಮೂರು.” ಪೆಟ್ಟು. “ನಾಲ್ಕು.” ಅಲ್ಲಿಗೆ ಪೆಟ್ಟು ನಿಂತಿತು.

ಅವಳು ಹಾಳೆ ನೋಡಿದಳು. ಎರಡನೇ ಅಂಕಿ ನಾಲ್ಕು. ಅಪ್ಪ ಪರದೆಯ ಮೇಲಿನ ಅಂಕಿಯನ್ನು ನೇರವಾಗಿ ಹೇಳಲಾಗದೆ, ಲಾಭದಿಂದ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಅಲ್ಲಿಗೆ ಮುಟ್ಟುತ್ತಿದ್ದ. ಮುಟ್ಟಿದ ಕೂಡಲೇ ನಿಲ್ಲುತ್ತಿದ್ದ. ಅವಳು ಕೇಳಿದ್ದು ಒಂದೇ ಅಂಕಿ. ಅವನು ಗುಂಪಿಗೆ ಗುಂಪನ್ನೇ ಕೊಡಲು ಹೊರಟಿದ್ದ.

ಮುಂದಿನ ಪೆಟ್ಟು ಬೀಳಲಿಲ್ಲ. ಮುಂದಿನದು ಸೊನ್ನೆ. ಸೊನ್ನೆಗೆ ಹತ್ತುವ ಮೆಟ್ಟಿಲಿಲ್ಲ. ಬಂದದ್ದು ಇಷ್ಟೇ, ಮುಗಿಯಿತು ಎಂದುಕೊಂಡಳು ತೇಜಸ್ವಿನಿ. “ಸಾಕಪ್ಪ, ಸಾಕು,” ಎನ್ನಲು ಬಾಯಿ ತೆರೆದಳು.

“ಖಾಲಿ,” ಎಂದಿತು ಒಳಗಿನ ದನಿ.

ಆಮೇಲೆ ಮತ್ತೆ ಪೆಟ್ಟುಗಳು. ಏಳರವರೆಗೆ ಹತ್ತಿದ, ಒಂದು ಅಂಕಿಯನ್ನೂ ನುಂಗಲಿಲ್ಲ. ಮತ್ತೆ ಲಾಭ. ಮತ್ತೆ ಮೂರರವರೆಗೆ. ಹೋಗುತ್ತ ಹೋಗುತ್ತ ದನಿಯ ಒರಟು ಕಡಿಮೆಯಾಗಿ, ಲಾರಿಯ ಹತ್ತಿರ ನಿಂತವನ ಲಯ ಬಂತು. ಗಲ್ಲಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವನೊಬ್ಬ ತನಗೇ ತಿಳಿಯದಂತೆ ಆ ಲಯಕ್ಕೆ ಹೆಜ್ಜೆ ಹಾಕಿ ದಾಟಿಹೋದ.

“ಮೇಡಂ, ಲೈನಲ್ಲಿದೀರಾ?” ಫೋನಿನ ಹುಡುಗಿ ಕೇಳಿದಳು. “ಹಿಂದೆ ಯಾರೋ ಎಣಿಸ್ತಾ ಇರೋ ಹಾಗಿದೆಯಲ್ಲ?”

“ನಮ್ಮಪ್ಪ,” ಎಂದಳು ತೇಜಸ್ವಿನಿ. “ಅವ್ರಿಗೆ... ಸ್ಟ್ರೋಕ್ ಆಗಿ ಮಾತು ಹೋಗಿತ್ತು. ಈಗ ಎಣಿಸ್ತಿದಾರೆ.”

ಆ ಹುಡುಗಿ ಮೆಲ್ಲಗೆ ಹೇಳಿದಳು: “ಎಣಿಸ್ಲಿ ಮೇಡಂ. ನಾನು ಕಾಲ್ ಬಿಡಲ್ಲ.”

ತೇಜಸ್ವಿನಿ ಕಣ್ಣೊರೆಸಿಕೊಂಡು ಓದಿದಳು: ಒಂದು, ನಾಲ್ಕು, ಸೊನ್ನೆ, ಏಳು, ಒಂದು, ಮೂರು. ಹೊಂದಿತು. ಯಾವುದೋ ಊರಿನಲ್ಲಿ, ಯಾವುದೋ ಮೇಜಿನ ಮುಂದೆ ಕೂತಿದ್ದ ಆ ಹುಡುಗಿ ಮರಳಿ ಒಂದು ಉದ್ದ ಸಂಖ್ಯೆಯನ್ನು ಹೇಳುತ್ತ ಹೋದಳು, ತೇಜಸ್ವಿನಿ ಮತ್ತೆ ಒಂದೆಂದು ಕಾಣದಂತೆ ಪ್ರತಿ ಏಳರ ನಡುವೆಯೂ ಗೆರೆ ಎಳೆದು ಬರೆದುಕೊಂಡಳು. ಕೊನೆಗೆ ಆ ಹುಡುಗಿ, “ನಿಮ್ಮ ತಂದೆಯವ್ರ ಹೆಸರೇನು?” ಎಂದು ಕೇಳಿದಳು. ಅದು ಕೇಳಬೇಕಾದ ಪ್ರಶ್ನೆಗಳಲ್ಲಿ ಇದ್ದಿರಲಾರದು.

“ಪಿಳ್ಳಣ್ಣ.”

“ಅವ್ರಿಗೆ ಥ್ಯಾಂಕ್ಸ್ ಹೇಳಿ,” ಎಂದು ಅವಳು ಫೋನಿಟ್ಟಳು.

ಮಹಡಿಯ ಮೇಲೆ ರೆಹಾನಾ ಯಾವಾಗಲೋ ಮತ್ತೆ ಬಂದು ನಿಂತಿದ್ದಳು. ಕೈಯಲ್ಲಿ ಹಿಂಡಿದ ದುಪಟ್ಟಾ ಹಾಗೇ ಇತ್ತು, ನೀರು ತೊಟ್ಟಿಕ್ಕುತ್ತಿತ್ತು. “ತೇಜು, ಅದು ಪಿಳ್ಳಣ್ಣನ ದನಿ ತಾನೇ? ನಾನೇನ್ ಕೇಳ್ದೆ ಈಗ?”

ತೇಜಸ್ವಿನಿ ತಲೆಯಾಡಿಸಿ ಒಳಗೆ ಹೋದಳು. ಪಿಳ್ಳಣ್ಣ ಎಡ ಅಂಗೈಯನ್ನು ಮೇಜಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ, ಯಾರೋ ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ. ಅಂಗೈ ಕೆಂಪಾಗಿತ್ತು. ಮಗಳನ್ನು ಕಂಡು ಏನೋ ಹೇಳಲು ಹೋದ. ‘ಅ’ ಎಂದಷ್ಟೇ ಬಂತು. ಅವಳು ಅವನ ಕೈ ಎತ್ತಿ ಮೇಜಿಗೆ ತಟ್ಟಿದಳು.

“ಲಾಭ,” ಎಂದ ಪಿಳ್ಳಣ್ಣ. ಹೇಳಿ, ತಾನೇ ಬೆಚ್ಚಿದವನಂತೆ ಮಗಳ ಮುಖ ನೋಡಿದ.

ಅವಳಿಗೆ ಆಗ ಹೊಳೆಯಿತು. ನೂರೀನ್ ಒಂದರಿಂದ ಶುರು ಮಾಡಿಸಿದ್ದಳು, ತಾನೂ ದಿನವೂ ಒಂದರಿಂದಲೇ ಶುರು ಮಾಡಿಸಿದ್ದಳು. ಮನೆಯಲ್ಲಿ ಎಲ್ಲರಂತೆ ಒಂದು ಎರಡು ಎನ್ನುತ್ತಿದ್ದ ಅಪ್ಪನ ಎಣಿಕೆ ಯಾರ್ಡಿನಲ್ಲಿ ಜೀವಮಾನವಿಡೀ ಹೊರಟದ್ದು ಬೇರೆ ಬಾಗಿಲಿನಿಂದ, ಅದೂ ಕೈ ಬಿದ್ದರೆ ಮಾತ್ರ ತೆರೆಯುವ ಬಾಗಿಲಿನಿಂದ. ಯಾರೂ ಆ ಬಾಗಿಲು ತಟ್ಟಿರಲಿಲ್ಲ. ಒಳಗೆ ಎಲ್ಲ ಅಂಕಿಗಳೂ ತಮ್ಮ ಸಾಲಿನಲ್ಲಿ, ಒಂದೂ ಕಳೆಯದೆ ನಿಂತಿದ್ದವು.

ಅವಳು ಹಾಳೆ ನೋಡಿ ಸಂಖ್ಯೆ ತುಂಬಿದಳು. ಕೆಂಪು ಪಟ್ಟಿ ಮಾಯವಾಯಿತು. ಮಾಡಿದವರೇ ಕೈಬಿಟ್ಟ ಆ ಹಳೆಯ ತಂತ್ರಾಂಶ, ಏನೂ ಆಗದಿದ್ದಂತೆ, ಖಾಲಿ ಪುಟವೊಂದನ್ನು ತೆರೆದು ಕಾಯುತ್ತ ನಿಂತಿತು. ಅವಳು ಅದರಲ್ಲಿ ಒಂದು ಮೂಟೆಯ ಚಿತ್ರ ಇಟ್ಟಳು. ದನಿ ಕೂರಿಸಬೇಕಾದಲ್ಲಿ ಎಂದಿನಂತೆ ಮೈಕ್ ತನ್ನ ಬಾಯಿಗೆ ಹಿಡಿಯಲು ಹೋದವಳು, ಅದನ್ನು ಅಪ್ಪನ ಕಡೆ ತಿರುಗಿಸಿದಳು.

ಸಂಜೆ ಗಂಗರತ್ನಮ್ಮ ಆಟೊ ಇಳಿದು, ಯಾರ್ಡಿನಿಂದ ತಂದ ರಾಗಿಯ ಚೀಲವನ್ನು ಎಳೆದುಕೊಂಡು ಬಂದು ಹೊಸ್ತಿಲ ಒಳಗೆ ಇಟ್ಟಳು. ಸೀರೆಗೆಲ್ಲ ಮೆಣಸಿನ ಘಾಟು. ಪಿಳ್ಳಣ್ಣ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ. ತೇಜಸ್ವಿನಿ ಮೊದಲೇ ಹೇಳಬಾರದೆಂದು ತುಟಿ ಕಚ್ಚಿ ನಿಂತಿದ್ದಳು.

ಪಿಳ್ಳಣ್ಣ ಬಗ್ಗಿ ಚೀಲಕ್ಕೆ ಒಂದು ಪೆಟ್ಟು ಕೊಟ್ಟ. “ಲಾಭ.”

“ಇನ್ನೊಂದ್ ಚೀಲ ಐತೆ ತಾಳು, ಆಟೋದಲ್ಲೇ ಬಿಟ್ಟಿವ್ನಿ, ಇಂಗೆ ಅವಸ್ರ ಮಾಡಿದ್ರೆ...” ಎನ್ನುತ್ತ ಗಂಗರತ್ನಮ್ಮ ಸರಸರನೆ ಹೊರಗೆ ಹೋದಳು. ಯಾರ್ಡಿನಲ್ಲಿ ಎಷ್ಟೋ ವರ್ಷ ಕೇಳಿದ ಮಾತಿಗೆ ಕಾಲು ತಾನಾಗಿ ನಡೆದಿತ್ತು. ಎರಡನೆಯ ಚೀಲ ತಂದು ಮೊದಲನೆಯದರ ಪಕ್ಕ ಇಟ್ಟಳು.

ಪೆಟ್ಟು ಬಿತ್ತು. “ಎರಡು.”

ಗಂಗರತ್ನಮ್ಮನ ಕೈ ಚೀಲದ ಕಿವಿಯಲ್ಲೇ ಉಳಿಯಿತು. ಅವಳು ತಲೆಯೆತ್ತಲಿಲ್ಲ. ಘಾಟಿಗೆ ಕಣ್ಣು ಮುಚ್ಚಿಕೊಂಡು ಕೂತಿದ್ದ ಹಳೆಯ ದಿನಗಳ ಹಾಗೆ, ಕಣ್ಣು ಮುಚ್ಚಿ, ಹೊಸ್ತಿಲ ಮೇಲೆ ಮೆಲ್ಲಗೆ ಕೂತಳು.

“ಮುಂದಕ್ಕೆ ಎಣ್ಸು,” ಎಂದಳು. “ಮೂಟೆ ಇಲ್ದಿದ್ರೂ ಎಣ್ಸು. ನಾನ್ ಕೇಳ್ತಾ ಇವ್ನಿ.”